160 ಕಿ.ಮೀ. ಓಡುವ ತಮ್ಮನ ನೆರವು ತಂಡಕ್ಕೆ ನಾನು ಮುಖ್ಯಸ್ಥೆಯಂತೆ. ನಿಜವಾಗಿ ಮಾಡಬೇಕಾದದ್ದೇನು?

ಓಡದ ಅಕ್ಕ:

ನನ್ನ ತಮ್ಮ ಮೊದಲ ಬಾರಿಗೆ ನೂರು ಮೈಲಿಯ, ಅಂದರೆ 160 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದಾನೆ. ಗುಡ್ಡದ ಹಾದಿ, 30 ಗಂಟೆಗಳ ಗಡುವು. ನೆರವು ತಂಡದಲ್ಲಿ ನಾವು ಮೂವರು: ನಾನು, ಅವನ ಹೆಂಡತಿ ಮತ್ತು ಅವನೊಂದಿಗೆ ಅಭ್ಯಾಸ ಮಾಡುವ ಒಬ್ಬ ಗೆಳೆಯ. ಗೆಳೆಯ ಕೊನೆಯ 60 ಕಿ.ಮೀ. ಪೇಸರ್ ಆಗಿ ಜೊತೆಯಲ್ಲಿ ಓಡುತ್ತಾನೆ. ವಯಸ್ಸಿನಲ್ಲಿ ದೊಡ್ಡವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಮುಖ್ಯಸ್ಥೆ ಮಾಡಿದ್ದಾರೆ. ನಾನು ತಪ್ಪುವ ಬಸ್ಸಿನ ಹಿಂದೆಯೂ ಓಡಿದವಳಲ್ಲ.

ತಮ್ಮ ಉದ್ದನೆಯ ಪಟ್ಟಿಯೊಂದನ್ನು ಕಳುಹಿಸಿದ್ದಾನೆ. ಯಾವ ಚೆಕ್‌ಪಾಯಿಂಟ್‌ಗೆ ಎಷ್ಟು ಗಂಟೆಗೆ ಬರುತ್ತಾನೆ, ಅಲ್ಲಿ ಎಷ್ಟು ಜೆಲ್ (ಓಡುತ್ತಲೇ ನುಂಗುವ ಸಿಹಿ ಪಾಕ), ಎಷ್ಟು ನೀರು, ಯಾವ ಜೊತೆ ಸಾಕ್ಸ್ ಎಲ್ಲವೂ ಅದರಲ್ಲಿದೆ. "ನಡುವೆ ನೀನು ಬಿಟ್ಟುಬಿಡುತ್ತೇನೆ ಎಂದರೆ ನಾನೇನು ಮಾಡಲಿ?" ಎಂದು ಕೇಳಿದೆ. "ಅಂಥ ಪ್ರಸಂಗವೇ ಬರುವುದಿಲ್ಲ ಅಕ್ಕಾ" ಎಂದು ನಕ್ಕುಬಿಟ್ಟ. ಅವನ ಹೆಂಡತಿ ನಗಲಿಲ್ಲ.

ನೀರು ತುಂಬಿಸುವುದು, ಬಾಳೆಹಣ್ಣು ಸುಲಿದು ಕೊಡುವುದು ನನಗೂ ಬರುತ್ತದೆ. ಅದಕ್ಕೆ ಮೂವರು ಏಕೆ ಬೇಕು ಎಂಬುದೇ ತಿಳಿಯುತ್ತಿಲ್ಲ. ಅಷ್ಟು ಹೊತ್ತು ಅವನು ಓಡುತ್ತಾನೆ ಸರಿ, ನಾವು ಮಾಡುವುದೇನು? ಅವನು ನಿಲ್ಲುತ್ತೇನೆ ಎಂದರೆ ತಳ್ಳಬೇಕೋ, ಮನೆಗೆ ಕರೆದುಕೊಂಡು ಬರಬೇಕೋ? ಆ ನಿರ್ಧಾರ ಯಾರದು? ಬಲ್ಲವರು ಹೇಳಿ.

ಬೆಟ್ಟದ ಹಾದಿ:

ಓಡುವವನ ಕಡೆಯಿಂದ ಒಂದು ಮಾತು. ಬ್ಯಾಗು, ಡಬ್ಬಿ ಜೋಡಿಸುವ ಮೊದಲು ನಿಯಮಾವಳಿಯನ್ನು ನೀವೇ ಕೂತು ಓದಿ. ತಮ್ಮ ಓದಿದ್ದಾನೆ ಎಂದು ನಂಬಬೇಡಿ. ನಾವು ಓಟಗಾರರು ಓದುವುದು ನಮ್ಮ ಭಾಗವನ್ನು ಮಾತ್ರ. ಆದರೆ ನೆರವು ತಂಡ ನಿಯಮ ಮುರಿದರೆ ಅನರ್ಹನಾಗುವವನು ಓಟಗಾರ.

ಒಂದೊಂದು ಓಟಕ್ಕೆ ಒಂದೊಂದು ಕಾನೂನು. ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತಿಬರುವ ಸುಮಾರು 170 ಕಿ.ಮೀ.ಗಳ ಯುಟಿಎಂಬಿಯಲ್ಲಿ ಪೇಸರ್‌ಗೆ ಅವಕಾಶವೇ ಇಲ್ಲ. ಗೊತ್ತುಪಡಿಸಿದ ಕೆಲವೇ ತಾಣಗಳಲ್ಲಿ, ಅದೂ ಒಬ್ಬರು ಮಾತ್ರ ಒಳಗೆ ಬಂದು ನೆರವಾಗಬಹುದು. ಅಥೆನ್ಸ್‌ನಿಂದ ಸ್ಪಾರ್ಟಾಗೆ 246 ಕಿ.ಮೀ. ಓಡುವ ಸ್ಪಾರ್ಟಾಥ್ಲಾನ್‌ನಲ್ಲೂ ಅನುಮತಿ ಇರುವ ಚೆಕ್‌ಪಾಯಿಂಟ್ ಬಿಟ್ಟು ಬೇರೆಲ್ಲೂ ಸಹಾಯ ಮಾಡುವಂತಿಲ್ಲ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಸುಮಾರು 100ನೇ ಕಿ.ಮೀ. ಬಳಿಯ ಫಾರೆಸ್ಟ್‌ಹಿಲ್‌ನಿಂದ ಮುಂದೆ ಪೇಸರ್ ಜೊತೆಗೂಡಬಹುದು, ಆದರೆ ಓಟಗಾರನ ಬಾಟಲಿಯನ್ನು ಹೊತ್ತುಕೊಳ್ಳುವಂತಿಲ್ಲ. ಅದೇ ದೇಶದ ಲೆಡ್‌ವಿಲ್‌ನಲ್ಲಿ ಹೊತ್ತುಕೊಳ್ಳಬಹುದು. ಇನ್ನು ಜುಲೈ ಬಿಸಿಲಿನಲ್ಲಿ ಡೆತ್ ವ್ಯಾಲಿಯಲ್ಲಿ ನಡೆಯುವ 217 ಕಿ.ಮೀ.ಗಳ ಬ್ಯಾಡ್‌ವಾಟರ್ ಇನ್ನೊಂದು ತುದಿ. ಅಲ್ಲಿ ಸಂಘಟಕರ ಏಡ್ ಸ್ಟೇಷನ್‌ಗಳೇ ಇಲ್ಲ. ನೀರು, ಐಸ್, ಊಟ, ನೆರಳು ಎಲ್ಲವೂ ನೆರವು ತಂಡದ ವಾಹನದಿಂದಲೇ ಬರಬೇಕು, ತಂಡವಿಲ್ಲದೆ ಓಡಲು ಬಿಡುವುದೇ ಇಲ್ಲ. ಓಟಗಾರ ಹಾದಿಯಿಂದ ಆಚೆ ಹೋಗಬೇಕಾದರೆ, ಬಿಟ್ಟ ಜಾಗದಲ್ಲಿ ಅವನ ಸಂಖ್ಯೆಯ ಗೂಟ ನೆಟ್ಟು, ಅಲ್ಲಿಂದಲೇ ಮತ್ತೆ ಆರಂಭಿಸಬೇಕು.

ಪ್ರೀತಿ ಉಕ್ಕಿದಾಗ ನಿಯಮ ಮರೆತುಹೋಗುತ್ತದೆ. 2006ರ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ಬ್ರಯಾನ್ ಮಾರಿಸನ್ ಎಲ್ಲರಿಗಿಂತ ಮೊದಲು ಆಬರ್ನ್‌ನ ಕ್ರೀಡಾಂಗಣ ಹೊಕ್ಕರು. ಗೆಲುವಿನ ಗೆರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕುಸಿದುಬಿದ್ದರು. ಜೊತೆಗಿದ್ದವರು ಎತ್ತಿ, ಆಸರೆ ಕೊಟ್ಟು ಗೆರೆ ದಾಟಿಸಿದರು. ಅವರಲ್ಲಿ ಆ ಓಟವನ್ನು ಸತತವಾಗಿ ಏಳು ವರ್ಷ ಗೆದ್ದಿದ್ದ ಸ್ಕಾಟ್ ಜ್ಯುರೆಕ್ ಕೂಡ ಇದ್ದರು. ಮಾರಿಸನ್ ಅನರ್ಹರಾದರು. ಹಾಗಾಗಿ ನಿಮ್ಮ ತಂಡದ ಮೂವರಿಗೂ ಮೊದಲೇ ಹೇಳಿಬಿಡಿ: ಬಿದ್ದವನನ್ನು ಎಬ್ಬಿಸಬಹುದೇ, ಕೈ ಹಿಡಿಯಬಹುದೇ, ಕೊನೆಯ 100 ಮೀಟರ್ ಜೊತೆಗೆ ಓಡಬಹುದೇ ಎಂದು ಸಂಘಟಕರನ್ನು ಕೇಳಿ ಉತ್ತರ ಬರೆದಿಟ್ಟುಕೊಳ್ಳಬೇಕು. ಮನುಷ್ಯನ ಜೀವಕ್ಕೆ ಅಪಾಯವಿದ್ದರೆ ನಿಯಮ ಗಾಳಿಗೆ ತೂರಿ, ಅದು ಬೇರೆ ಮಾತು.

ಡಿಕ್ಕಿಯ ಯಜಮಾನಿ:

ಮೇಲಿನವರು ಹೇಳಿದ್ದು ಸರಿ. ಆದರೆ ನೀವು ಕೇಳಿದ್ದು ಬೇರೆ. ನಾನೂ ನಿಮ್ಮ ಪಂಗಡದವಳೇ. ಓಡುವುದಿಲ್ಲ, ಓಡುವ ಆಸೆಯೂ ಇಲ್ಲ. ಗಂಡ ಓಡುತ್ತಾರೆ, ಈಗ ಮಗಳೂ ಓಡುತ್ತಾಳೆ. ಅವರ ದಾರಿ ಕಾಯುತ್ತ ಕಾರಿನ ಡಿಕ್ಕಿ ತೆರೆದು ಕೂತು ವರ್ಷಗಳೇ ಆದವು.

ನಿಮ್ಮ ಕೆಲಸ ಇಷ್ಟೇ: ಅವನು ಯೋಚಿಸಬೇಕಾದದ್ದನ್ನೆಲ್ಲ ನೀವು ಯೋಚಿಸುವುದು. 100 ಕಿ.ಮೀ. ದಾಟಿದ ಮನುಷ್ಯನನ್ನು "ಏನು ಬೇಕು?" ಎಂದು ಕೇಳಲೇಬಾರದು. "ಏನೂ ಬೇಡ" ಎನ್ನುತ್ತಾನೆ. ಬೇಡವೆಂದಲ್ಲ, ಏನು ಬೇಕೆಂದು ಲೆಕ್ಕ ಹಾಕುವ ಶಕ್ತಿ ತಲೆಯಲ್ಲಿ ಉಳಿದಿರುವುದಿಲ್ಲ. ಬಟ್ಟಲನ್ನು ಕೈಗೆ ಕೊಟ್ಟು "ಕುಡಿ" ಎನ್ನಿ. ತೀರಾ ಆಯ್ಕೆ ಕೊಡಲೇಬೇಕು ಎನ್ನಿಸಿದರೆ ಎರಡು ಕೈಯಲ್ಲಿ ಎರಡು ಹಿಡಿದು ಮುಂದೆ ನಿಲ್ಲಿ, ಸೂಪೋ ಕೋಲಾವೋ. ಮೂರನೆಯದನ್ನು ತೋರಿಸಿದಿರೋ, ಅವನು ಕೂತು ಚಿಂತಿಸತೊಡಗುತ್ತಾನೆ.

"ಹೇಗಿದ್ದೀಯಾ?" ಕೂಡ ಬೇಡ. ಅದಕ್ಕೆ ಬರುವ ಉತ್ತರ ಎರಡೇ, "ಚೆನ್ನಾಗಿದ್ದೇನೆ" ಎಂಬ ಸುಳ್ಳು ಅಥವಾ ಅಳು. ಕೇಳಬೇಕಾದದ್ದು ಬೇರೆ. ಹಿಂದಿನ ತಾಣದಿಂದ ಇಲ್ಲಿಯವರೆಗೆ ಏನೇನು ತಿಂದೆ? ಕಳೆದ ಸಲ ಮೂತ್ರ ಮಾಡಿದ್ದು ಯಾವಾಗ, ಬಣ್ಣ ಹೇಗಿತ್ತು? ಶೂ ಒಳಗೆ ಎಲ್ಲಾದರೂ ಉರಿಯುತ್ತಿದೆಯೇ? ಉತ್ತರವನ್ನು ನಂಬದೆ ಬ್ಯಾಗಿನೊಳಗೆ ಕೈ ಹಾಕಿ. ಕೊಟ್ಟು ಕಳುಹಿಸಿದ್ದ ಆರು ಜೆಲ್‌ಗಳಲ್ಲಿ ಐದು ಹಾಗೇ ಇದ್ದರೆ ಅವನ ಮಾತಿಗಿಂತ ಬ್ಯಾಗು ಹೆಚ್ಚು ಹೇಳಿದಂತಾಯಿತು. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್ ಎಂದು ಅವನ ಪಟ್ಟಿಯಲ್ಲಿ ಬರೆದಿರಬಹುದು. ಆದರೆ ಓಡುವಾಗ ರಕ್ತವೆಲ್ಲ ಕಾಲಿಗೆ ಮತ್ತು ಚರ್ಮಕ್ಕೆ ಹರಿದು ಹೊಟ್ಟೆಗೆ ಸಿಗುವುದು ಕಡಿಮೆ. ಮಧ್ಯರಾತ್ರಿಯ ಹೊತ್ತಿಗೆ ಸಿಹಿ ಎಂದರೆ ವಾಕರಿಕೆ ಬರುತ್ತದೆ. ಆಗ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬಿಸಿ ಸೂಪು ಕೆಲಸಕ್ಕೆ ಬರುತ್ತವೆ. ಪಟ್ಟಿಯಲ್ಲಿ ಇಲ್ಲದ ನಾಲ್ಕಾರು ತಿನಿಸುಗಳನ್ನು ಅವನಿಗೆ ಹೇಳದೆ ಡಿಕ್ಕಿಯಲ್ಲಿ ಇಟ್ಟುಕೊಂಡಿರಿ. ಅವನೇ ತಯಾರಿಸಿದ ಪಟ್ಟಿಯನ್ನು ಅವನ ಹೊಟ್ಟೆ ಓದಿರುವುದಿಲ್ಲ.

ಸಾಮಾನು ಜೋಡಿಸುವುದಕ್ಕೆ ನನ್ನದೊಂದು ಹಟವಿದೆ. ಪಾದದ್ದು ಒಂದು ಪಾರದರ್ಶಕ ಡಬ್ಬಿ, ತಿನ್ನುವುದು ಒಂದು, ಬೆಚ್ಚನೆಯ ಬಟ್ಟೆ ಒಂದು, ಬೆಳಕಿನದ್ದು ಒಂದು. ಬೆಳಕಿನದ್ದೆಂದರೆ ಹೆಡ್‌ಲ್ಯಾಂಪ್ ಎರಡು, ಬ್ಯಾಟರಿಗಳು, ಪವರ್ ಬ್ಯಾಂಕ್. ಅವನು ಬರುವುದಕ್ಕೆ ಅರ್ಧ ಗಂಟೆ ಮೊದಲೇ ನೆಲದ ಮೇಲೆ ಒಂದು ಬಟ್ಟೆ ಹಾಸಿ, ಬೇಕಾದದ್ದನ್ನು ಬಳಸುವ ಕ್ರಮದಲ್ಲೇ ಸಾಲಾಗಿ ಇಡಿ. ಅವನು ಬಂದ ಮೇಲೆ ಡಿಕ್ಕಿಯಲ್ಲಿ ತಡಕಾಡುವ ಪ್ರತಿ ನಿಮಿಷವೂ ಅವನ ಗಡುವಿನಿಂದ ಕಳೆಯುತ್ತದೆ. ಹತ್ತು ತಾಣಗಳಲ್ಲಿ ಹತ್ತತ್ತು ನಿಮಿಷ ಹೆಚ್ಚು ನಿಂತರೆ ನೂರು ನಿಮಿಷ. ಅಷ್ಟನ್ನು ಓಡಿ ಗಳಿಸುವುದು ಆ ಹೊತ್ತಿನಲ್ಲಿ ಯಾರಿಂದಲೂ ಆಗದ ಮಾತು.

ಪಾದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ರಾತ್ರಿ ಶೂ ಬಿಚ್ಚಿದಾಗ ಪಾದ ಬಿಳಿಚಿಕೊಂಡು, ನೆನೆದು ಸುಕ್ಕುಗಟ್ಟಿರುತ್ತದೆ. ಮಣ್ಣು, ಬೆವರು, ಹಚ್ಚಿದ್ದ ವ್ಯಾಸಲೀನ್ ಎಲ್ಲ ಕಲಸಿ ಬೆರಳಸಂದಿಗಳಲ್ಲಿ ಕೂತಿರುತ್ತದೆ. ವಾಸನೆಯ ಮಾತು ಬೇಡ. ಟೇಪು ಒಣ ಚರ್ಮಕ್ಕೆ ಮಾತ್ರ ಅಂಟುತ್ತದೆ. ಹಾಗಾಗಿ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿ, ಸ್ಪಿರಿಟ್ ಹಚ್ಚಿ ಆರಲು ಬಿಡಿ. ಹಿಮ್ಮಡಿಯ ಅಂಚಿನಲ್ಲಿ ಗುಳ್ಳೆ ಉಬ್ಬಿ ಬಿಗಿದುಕೊಂಡಿದ್ದರೆ ಶುದ್ಧ ಮಾಡಿದ ಸೂಜಿಯಿಂದ ಅದರ ಬುಡದಲ್ಲಿ ಚುಚ್ಚಿ, ಹೆಜ್ಜೆ ಇಟ್ಟಾಗ ನೀರು ತಾನಾಗಿ ಹೊರಬರುವ ಕಡೆ. ಮೇಲಿನ ಚರ್ಮವನ್ನು ಕೀಳಬೇಡಿ. ರಕ್ತ ತುಂಬಿದ ಗುಳ್ಳೆಗೆ ಸೂಜಿ ತಾಗಿಸಬೇಡಿ. ಟೇಪು ಕತ್ತರಿಸುವಾಗ ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಸುರುಳಿಕೊಂಡರೆ ಅದೇ ಹೊಸ ಗುಳ್ಳೆ ಎಬ್ಬಿಸುತ್ತದೆ. ಟೇಪಿನಲ್ಲಿ ಒಂದು ಸುಕ್ಕು ಉಳಿದರೂ ಕಿತ್ತು ಮತ್ತೆ ಹಾಕಿ. ಇದನ್ನೆಲ್ಲ ಮನೆಯಲ್ಲಿ ಒಂದು ರಾತ್ರಿ ದೀಪ ಆರಿಸಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಯಾರದ್ದಾದರೂ ಪಾದದ ಮೇಲೆ ಅಭ್ಯಾಸ ಮಾಡಿ. ಪಾದ ಊದುವುದರಿಂದ ಅರ್ಧ ಅಳತೆ ದೊಡ್ಡದಾದ ಇನ್ನೊಂದು ಜೊತೆ ಶೂ ಇರಲೇಬೇಕು.

ಈಗ ನಿಮ್ಮ ನಿಜವಾದ ಪ್ರಶ್ನೆ. ಬಿಡುತ್ತೇನೆ ಎನ್ನುತ್ತಾನೆಯೇ? ಎನ್ನುತ್ತಾನೆ. ಎಲ್ಲರೂ ಎನ್ನುತ್ತಾರೆ. ಹೆಚ್ಚಾಗಿ ರಾತ್ರಿ ಎರಡರಿಂದ ಐದರ ನಡುವೆ, ದೇಹ ನಿದ್ದೆಗೆ ಹೊಂದಿಕೊಂಡಿರುವ ಹೊತ್ತಿನಲ್ಲಿ, ಕುರ್ಚಿಯಲ್ಲಿ ಕೂತುಕೊಂಡು. ಅದಕ್ಕೇ ನಾನು ಕುರ್ಚಿಯನ್ನು ಬೇಗ ಬಿಚ್ಚುವುದಿಲ್ಲ. ಪಾದ ನೋಡುವಾಗ ಕೂರಿಸಿ, ಮುಗಿದ ತಕ್ಷಣ ಎಬ್ಬಿಸಿ.

ಓಟಕ್ಕೆ ವಾರ ಮೊದಲು ಅವನನ್ನು ಕೂರಿಸಿ ಅವನ ಕೈಯಿಂದಲೇ ಬರೆಸಿಕೊಳ್ಳಿ: ಯಾವ ಕಾರಣಕ್ಕೆ ನಿಲ್ಲಿಸಬಹುದು, ಯಾವ ಕಾರಣಕ್ಕೆ ನಿಲ್ಲಿಸಬಾರದು. ನಗುತ್ತಾನೆ, ನಗಲಿ, ಬರೆಯದೆ ಏಳಲು ಬಿಡಬೇಡಿ. ನಮ್ಮ ಮನೆಯ ಚೀಟಿಯಲ್ಲಿ "ಸಾಕಾಗಿದೆ", "ಕಾಲು ನೋಯುತ್ತಿದೆ", "ಗಡುವು ತಪ್ಪುತ್ತದೆ ಅನ್ನಿಸುತ್ತಿದೆ", "ನಿಮಗೆಲ್ಲ ತೊಂದರೆ ಕೊಡುತ್ತಿದ್ದೇನೆ" ಇವು ಎರಡನೆಯ ಸಾಲಿನಲ್ಲಿವೆ. ಗಡುವು ತಪ್ಪಿದರೆ ಅಧಿಕಾರಿಗಳೇ ತಡೆಯುತ್ತಾರೆ, ನಾವು ಅವರ ಕೆಲಸ ಮಾಡಬೇಕಾಗಿಲ್ಲ. ಮೊದಲ ಸಾಲಿನಲ್ಲಿ ಇರುವುದು ಪ್ರತಿ ಹೆಜ್ಜೆಗೂ ಹೆಚ್ಚುತ್ತ ನಡಿಗೆಯನ್ನೇ ಬದಲಿಸಿದ ನೋವು, ತಲೆಗೆ ಪೆಟ್ಟು, ಮೂತ್ರದಲ್ಲಿ ಕಂದು ಬಣ್ಣ, ಮಾತಿನಲ್ಲಿ ಗೊಂದಲ. ಇವುಗಳಲ್ಲಿ ಒಂದಿದ್ದರೂ ವಾದ ಬೇಡ, ನೇರ ವೈದ್ಯಕೀಯ ಡೇರೆಗೆ.

ಬರಿಯ "ಸಾಕಾಗಿದೆ" ಆದರೆ ಒಪ್ಪಲೂಬೇಡಿ, ವಾದಿಸಲೂಬೇಡಿ. "ಆಗಲಿ, ಮೊದಲು ಇದನ್ನು ತಿನ್ನು" ಎನ್ನಿ. ಒದ್ದೆ ಬಟ್ಟೆ ಬದಲಿಸಿ, ಬೆಚ್ಚಗೆ ಹೊದಿಸಿ. ತೀರಾ ತೂಕಡಿಸುತ್ತಿದ್ದರೆ ಗಡುವು ನೋಡಿಕೊಂಡು ಹದಿನೈದು ನಿಮಿಷ ಮಲಗಿಸಿ. ಆಮೇಲೆ "ಮುಂದಿನ ತಾಣದವರೆಗೆ ನಡೆದುಕೊಂಡು ಹೋಗು, ಅಲ್ಲಿ ಮಾತನಾಡೋಣ" ಎನ್ನಿ. ಇನ್ನು 60 ಕಿ.ಮೀ. ಇದೆ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಇದು ಬಹಳ ಸಲ ಫಲಿಸುತ್ತದೆ. ಆದರೆ ಕಳುಹಿಸುವ ಮೊದಲು ನಕ್ಷೆ ನೋಡಿ. ಮುಂದಿನ ತಾಣಕ್ಕೆ ವಾಹನ ಹೋಗುತ್ತದೆಯೇ? ನಡುವೆ ಯಾರೂ ತಲುಪಲಾಗದ 15 ಕಿ.ಮೀ. ಗುಡ್ಡವಿದ್ದರೆ, ಗಾಳಿ ಮಳೆಯೂ ಇದ್ದರೆ, ಅನುಮಾನದ ಸ್ಥಿತಿಯಲ್ಲಿರುವವನನ್ನು ಹುರಿದುಂಬಿಸಿ ಕಳುಹಿಸುವುದು ಧೈರ್ಯವಲ್ಲ, ಬೇಜವಾಬ್ದಾರಿ.

ನಿರ್ಧಾರ ಯಾರದು ಎಂದಿರಿ. ಒಬ್ಬರದು, ಮತ್ತು ಅದು ಮೊದಲೇ ಗೊತ್ತಿರಬೇಕು. ಅವನ ಹೆಂಡತಿಗೆ ಆ ಭಾರ ಹೊರಿಸಬೇಡಿ. ಅವನು ಅವಳ ಮುಖ ನೋಡಿ ಮಾತನಾಡುತ್ತಾನೆ, ಅವಳು ಅವನ ಮುಖ ನೋಡಿ ಕರಗುತ್ತಾಳೆ ಅಥವಾ ಅದನ್ನು ಮುಚ್ಚಲು ಹೆಚ್ಚು ಗಟ್ಟಿಯಾಗುತ್ತಾಳೆ. ಎರಡೂ ಬೇಡ. ನಿಮ್ಮನ್ನು ದೊಡ್ಡವಳು ಎಂದು ಆರಿಸಿದ್ದಾರೆ ಎಂದಿರಲ್ಲ, ಕಾರಣ ತಪ್ಪಿರಬಹುದು, ಆಯ್ಕೆ ಸರಿಯಾಗಿದೆ. ಚಿಕ್ಕಂದಿನಿಂದ ಅವನ ನಾಟಕ ಯಾವುದು, ನಿಜವಾದ ಸಂಕಟ ಯಾವುದು ಎಂದು ಅಕ್ಕನಿಗೆ ಗೊತ್ತಿರುತ್ತದೆ.

ಡೇರೆಯ ದಾದಿ:

ಓಟಗಳ ವೈದ್ಯಕೀಯ ಡೇರೆಯಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತೇನೆ. ಡಿಕ್ಕಿಯ ಯಜಮಾನಿಯವರು ಹೇಳಿದ ಚೀಟಿಯನ್ನು ಎಲ್ಲ ತಂಡಗಳೂ ಬರೆಸಿಕೊಂಡು ಬಂದರೆ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ. ಕೆಲವು ಮಾತು ಸೇರಿಸುತ್ತೇನೆ.

ನೀರು ಕುಡಿ, ನೀರು ಕುಡಿ ಎಂದು ಒತ್ತಾಯಿಸಬೇಡಿ. ಬಾಯಾರಿಕೆ ಇದ್ದಷ್ಟು ಸಾಕು. ದೇಹ ಹೊರಹಾಕುವುದಕ್ಕಿಂತ ಹೆಚ್ಚು ನೀರು ಒಳಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಅದನ್ನು ಹೈಪೊನೇಟ್ರೀಮಿಯಾ ಎನ್ನುತ್ತೇವೆ. ಇನ್ನೂ ಇಳಿದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಬರುತ್ತದೆ. ಉಂಗುರ, ಗಡಿಯಾರದ ಪಟ್ಟಿ ಬಿಗಿಯಾಗುವುದು, ಓಡಿಯೂ ತೂಕ ಏರಿರುವುದು, ತಲೆನೋವು, ವಾಂತಿ, ಗೊಂದಲ ಇದರ ಸುಳಿವು. ನೋಡುವವರಿಗೆ ಇದು ನೀರಿನ ಕೊರತೆಯಂತೆಯೇ ಕಾಣುತ್ತದೆ, ಮನೆಯವರು ಇನ್ನೊಂದು ಬಾಟಲಿ ಕುಡಿಸುತ್ತಾರೆ. ಹಾಗೆ ಮಾಡಬೇಡಿ, ನಮ್ಮ ಬಳಿ ಕರೆತನ್ನಿ.

ಐಬುಪ್ರೊಫೆನ್ ಗುಂಪಿನ ನೋವಿನ ಮಾತ್ರೆ ಓಟದ ನಡುವೆ ಬೇಡವೇ ಬೇಡ. ದಣಿದು ಬತ್ತಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಪೇಸರ್ ಜೇಬಿನಲ್ಲಿಯೂ ಇರದಂತೆ ನೋಡಿಕೊಳ್ಳಿ.

ಬಿಸಿಲಿನಲ್ಲಿ ತೊದಲುತ್ತಿದ್ದರೆ, ವಿಚಿತ್ರವಾಗಿ ವರ್ತಿಸುತ್ತಿದ್ದರೆ ಉಷ್ಣಾಘಾತ ಎಂದೇ ತಿಳಿಯಿರಿ. ಬೆವರುತ್ತಿದ್ದಾನೆ, ಆದ್ದರಿಂದ ಅಲ್ಲ ಎಂದುಕೊಳ್ಳಬೇಡಿ. ನೆರವಿಗೆ ಕೂಗಿ, ಆದರೆ ವಾಹನಕ್ಕೆ ಕಾಯದೆ ಅಲ್ಲೇ ತಂಪು ಮಾಡಲು ತೊಡಗಿ. ತಣ್ಣೀರಿನ ತೊಟ್ಟಿ ಇದ್ದರೆ ತಲೆ ಮೇಲಿಟ್ಟು ಮುಳುಗಿಸಿ, ಇಲ್ಲದಿದ್ದರೆ ಐಸ್ ನೀರಿನ ಬಟ್ಟೆಗಳನ್ನು ಮೈತುಂಬ ಹಾಕಿ ಬದಲಿಸುತ್ತಿರಿ. ಮೊದಲು ತಂಪು, ಆಮೇಲೆ ಸಾಗಾಟ.

ಎರಡನೆಯ ರಾತ್ರಿ ಅಥವಾ ನಸುಕಿನಲ್ಲಿ ಮರದ ಬುಡದಲ್ಲಿ ಯಾರೋ ಕೂತಂತೆ ಕಾಣುವುದು ನಿದ್ದೆಗೆಟ್ಟವರಿಗೆ ಸಾಮಾನ್ಯ. ಅದನ್ನು ಅವನೇ ಹೇಳಿಕೊಂಡು ನಗುತ್ತಿದ್ದರೆ ಹೆದರಬೇಡಿ. ತಾನೆಲ್ಲಿದ್ದೇನೆ, ನೀವು ಯಾರು ಎಂಬುದೇ ತಿಳಿಯದಿದ್ದರೆ ಅದು ಬೇರೆ.

ಓಡದ ಅಕ್ಕ:

ಎಲ್ಲರಿಗೂ ವಂದನೆಗಳು. ಬಾಳೆಹಣ್ಣು ಸುಲಿಯುವುದೇ ಕೆಲಸ ಎಂದುಕೊಂಡಿದ್ದೆ, ಈಗ ಸ್ವಲ್ಪ ಭಯವಾಗುತ್ತಿದೆ. ಇನ್ನೆರಡು ಪ್ರಶ್ನೆ. ಅವನು ಎಷ್ಟನೆಯ ಸ್ಥಾನದಲ್ಲಿದ್ದಾನೆ ಎಂದು ಕೇಳಿದರೆ ಹೇಳಬೇಕೇ? ಗೆಳೆಯ ಓಡಲು ಹೊರಟ ಮೇಲೆ ಉಳಿಯುವ ನಾವಿಬ್ಬರು ರಾತ್ರಿಯಿಡೀ ಹೇಗೆ ನಿಭಾಯಿಸುವುದು?

ಡಿಕ್ಕಿಯ ಯಜಮಾನಿ:

ಸ್ಥಾನ ಹೇಳಬೇಡಿ. ಗೆಲ್ಲಲು ಹೊರಟವರಿಗೆ ಅದರಿಂದ ಉಪಯೋಗವಿದೆ, ಮೊದಲ ಸಲ ಓಡುವವನಿಗೆ ಇಲ್ಲ. ಗಡುವಿಗೆ ಇನ್ನೆಷ್ಟು ಸಮಯ ಕೈಯಲ್ಲಿದೆ ಎಂಬುದನ್ನು ಮಾತ್ರ ಹೇಳಿ, ಸರಿಯಾಗಿ ಹೇಳಿ. ಸಮಾಧಾನಕ್ಕೆಂದು ಹೆಚ್ಚು ಹೇಳಿದರೆ ಆರಾಮಾಗಿ ನಡೆಯುತ್ತಾನೆ, ಹೆದರಿಸಲು ಕಡಿಮೆ ಹೇಳಿದರೆ ದಿಣ್ಣೆಯಲ್ಲಿ ಓಡಿ ತೊಡೆ ಹಾಳುಮಾಡಿಕೊಳ್ಳುತ್ತಾನೆ.

ನಿಮ್ಮ ನಿದ್ದೆ ಅವನ ಪಾದಕ್ಕಿಂತ ಮುಖ್ಯ. ಇದನ್ನು ಯಾವ ಪಟ್ಟಿಯೂ ಬರೆಯುವುದಿಲ್ಲ. ನಿದ್ದೆಗಣ್ಣಿನಲ್ಲಿ ಓಡುವವನು ಎಡವಿ ಮಂಡಿ ಕೆತ್ತಿಕೊಳ್ಳಬಹುದು, ನಿದ್ದೆಗಣ್ಣಿನಲ್ಲಿ ಗುಡ್ಡದ ತಿರುವುಗಳಲ್ಲಿ ಕಾರು ಓಡಿಸುವವಳು ಏನು ಮಾಡಿಕೊಳ್ಳಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಗಲಿನ ಮೊದಲ ಕೆಲವು ತಾಣಗಳಿಗೆ ನಿಮ್ಮಿಬ್ಬರಲ್ಲಿ ಒಬ್ಬರು ಸಾಕು, ಅವನು ಆಗ ಹುರುಪಿನಲ್ಲಿ ನಿಲ್ಲುವುದೂ ಇಲ್ಲ. ಇನ್ನೊಬ್ಬರು ಮಧ್ಯಾಹ್ನ ಮಲಗಿಬಿಡಿ, ರಾತ್ರಿ ಚಕ್ರ ಹಿಡಿಯುವವರು ಅವರೇ. ಪೇಸರ್ ಕೂಡ ತಾನು ಹೊರಡುವವರೆಗೆ ಮಲಗಿರಬೇಕು. ಉತ್ಸಾಹದಲ್ಲಿ ಬೆಳಗ್ಗೆಯಿಂದ ಕೇಕೆ ಹಾಕುತ್ತ ನಿಂತ ಪೇಸರ್ ರಾತ್ರಿ ಓಟಗಾರನಿಗಿಂತ ಮೊದಲು ಸುಸ್ತಾಗುತ್ತಾನೆ. ನೀವೂ ಹೊತ್ತುಹೊತ್ತಿಗೆ ಬಿಸಿಯಾಗಿ ತಿನ್ನಿ. ಜೆಲ್ ತಿಂದು ಬದುಕುವ ಹರಕೆ ಹೊತ್ತವನು ಅವನು, ನೀವಲ್ಲ.

ಕಾಯುವುದು ಬೇಸರದ ಕೆಲಸ. ಅಂದುಕೊಂಡ ಹೊತ್ತು ಮೀರಿ ಒಂದು ಗಂಟೆಯಾದರೂ ಬೆಳಕು ಕಾಣದಿದ್ದಾಗ ಅವನ ಹೆಂಡತಿ ಹತ್ತು ಸಲ ಕೇಳುತ್ತಾಳೆ. ಹಿಂದಿನ ತಾಣ ಬಿಟ್ಟ ಸಮಯವನ್ನು ಅಲ್ಲಿನ ಸ್ವಯಂಸೇವಕರಿಂದ ಕೇಳಿ ತಿಳಿದು ಅವಳಿಗೆ ಹೇಳಿ, ಸುಮ್ಮನೆ "ಬರುತ್ತಾನೆ ಬಿಡು" ಎನ್ನಬೇಡಿ. ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆ ಕಾಗದದಲ್ಲಿರಲಿ.

ಗೆರೆ ದಾಟಿದ ಮೇಲೆ ತಟ್ಟನೆ ನಿಲ್ಲಲು ಬಿಡಬೇಡಿ, ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತಿ ಬೀಳುತ್ತಾರೆ. ಎಚ್ಚರವಿದ್ದು ಸುಮ್ಮನೆ ಕುಸಿದರೆ ಮಲಗಿಸಿ ಕಾಲು ಮೇಲೆತ್ತಿ, ದಾದಿಯವರನ್ನು ಕರೆಯಿರಿ. ಬೆಚ್ಚನೆಯ ಹೊದಿಕೆ ಕೈಯಲ್ಲೇ ಹಿಡಿದು ನಿಂತಿರಿ, ಹತ್ತು ನಿಮಿಷದಲ್ಲಿ ನಡುಕ ಶುರುವಾಗುತ್ತದೆ. ಶೂ ಬಿಚ್ಚಿದರೆ ಮತ್ತೆ ಹಾಕಲಾಗದು, ಅಗಲವಾದ ಚಪ್ಪಲಿ ಇರಲಿ.

ಇನ್ನೊಂದು. ಪೇಸರ್ ಹೊರಡುವ ಮೊದಲು ಅವನ ಜೇಬು ತಡವಿ ನೋಡಿ. ಕಾರಿನ ಕೀಲಿ ಅಲ್ಲಿರುತ್ತದೆ.